ಮೀನಿಗೆ ಮಂಡಕ್ಕಿ ಹಾಕಿಸಿದವನು ನಾನು

ಮೊದಲೇ ಹೇಳಿಬಿಡುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು. ಹರಿಹರದ ಹೊಳೆದಂಡೆಯಲ್ಲಿ ನಿಂತು, ಯಾರ ಮೇಲೆ ಸಿಟ್ಟಿದೆಯೋ ಅವರ ಹೆಸರು ಹೇಳಿ ಮೀನಿಗೆ ಒಂದು ಹಿಡಿ ಮಂಡಕ್ಕಿ ಹಾಕಿದರೆ ಸಿಟ್ಟು ನೀರಿನ ಜೊತೆ ತೇಲಿಹೋಗುತ್ತದೆ ಎಂದು ನಿಮಗೆ ಯಾರಾದರೂ ಹೇಳಿದ್ದರೆ, ಆ ಪದ್ಧತಿ ಪುರಾಣ ಕಾಲದ್ದಲ್ಲ. ಅದನ್ನು ಹುಟ್ಟಿಸಿದವನು ನಾನು. ದಾವಣಗೆರೆಯ ಒಂದು ಪ್ರೆಸ್ಸಿನ ಕಟ್ಟೆಯ ಮೇಲೆ ಸೈಕಲ್ಲಿಗೆ ಒರಗಿಕೊಂಡು ಎರಡೇ ನಿಮಿಷದಲ್ಲಿ ಹುಟ್ಟಿಸಿದೆ. ಕಾರಣ ಶುದ್ಧ ಹೊಟ್ಟೆಕಿಚ್ಚು.

ಆಗ ನಾನು ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಕನ್ನಡ ಸೀಮೆಗಳೆಲ್ಲ ಸೇರಿ ಒಂದು ರಾಜ್ಯವಾಗಿ ನಾಲ್ಕೈದು ವರ್ಷವಾಗಿತ್ತು. ಆ ಸಲದ ಉಪಾಧ್ಯಾಯರ ಸಮ್ಮೇಳನ ಕ್ರಿಸ್‌ಮಸ್ ರಜೆಯಲ್ಲಿ ನಮ್ಮ ಸ್ಕೂಲಿನಲ್ಲೇ ನಡೆಯಬೇಕೆಂದು ಗೊತ್ತಾಯಿತು. ಬೀದರಿನಿಂದ ಹಿಡಿದು ಕೊಳ್ಳೇಗಾಲದ ತನಕ ಎಲ್ಲ ಕಡೆಯ ಮೇಷ್ಟ್ರುಗಳು ಬರುವವರು. ಮೂರು ದಿನದ ಸಮ್ಮೇಳನ, ಅದರಲ್ಲಿ ನಡುವಿನ ದಿನ ಪೂರ್ತಿ ಅವರಿಗೆ ದಾವಣಗೆರೆ, ಹರಿಹರ ತೋರಿಸುವುದು. ತೋರಿಸುವವರು ಯಾರು? ನಾನೇ ಅಲ್ಲದೆ ಇನ್ಯಾರು! ಹುಟ್ಟಿದ್ದು ಇಲ್ಲಿ, ಬೆಳೆದದ್ದು ಇಲ್ಲಿ, ಕಾಟನ್ ಮಿಲ್ಲಿನ ಸೈರನ್ನಿಗೆ ಎದ್ದು ಸೈರನ್ನಿಗೆ ಉಂಡವನು. ಕೊರಳಲ್ಲಿ ಸೀಟಿ ಬೇರೆ ಇತ್ತು. ಇನ್ನೂರು ಜನರನ್ನು ಒಂದು ಊದಿಗೆ ಸಾಲು ನಿಲ್ಲಿಸಬಲ್ಲವನು ಆ ಜಿಲ್ಲೆಯಲ್ಲಿ ಇನ್ನೊಬ್ಬನಿರಲಿಲ್ಲ.

ಹೆಡ್‌ಮಾಸ್ಟರ ಕೋಣೆಗೆ ಹೋದೆ. ಅವರ ಕೈಯಲ್ಲೇ ಓದಿದವನು ನಾನು, ಹಾಗಾಗಿ ನನಗೆ ಅವರಿಂದ ಏಕವಚನವೇ. ನಮ್ಮ ವಿಜ್ಞಾನದ ಮೇಷ್ಟ್ರು ಆಗಲೇ ಅಲ್ಲಿ ಕೂತಿದ್ದರು. ಮೈಸೂರಿನ ಕಡೆಯವರು. ನಮ್ಮೂರಿಗೆ ಬಂದು ಎರಡು ವರ್ಷವಾಗಿರಲಿಲ್ಲ. ಕೊಡೆ, ಕನ್ನಡಕ, ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ಕು. ಭಾನುವಾರ ಬಂತೆಂದರೆ ಯಾವುದಾದರೂ ಗುಡಿಯ ಮುಂದೆ ಮುದುಕರನ್ನು ಕೂರಿಸಿಕೊಂಡು ಏನಾದರೂ ಕೇಳಿ ಬರೆದುಕೊಳ್ಳುವವರು.

"ಸಾರ್, ಊರು ತೋರ್ಸೋ ಕೆಲ್ಸ ನನಗೆ ಬಿಡ್ರಿ," ಅಂದೆ. "ಈ ಊರ್ನಾಗೆ ನಾಯಿನೂ ನನ್ನ ಕೇಳೇ ಬೊಗಳೋದು."

"ಅದಿರ್ಲಿ," ಅಂದರು ಹೆಡ್‌ಮಾಸ್ಟರು. "ಹರಿಹರೇಶ್ವರ ಅರ್ಧ ಈಶ್ವರ, ಅರ್ಧ ವಿಷ್ಣು. ಯಾವ ಕಡಿಗೆ ಯಾರು, ಹೇಳು ನೋಡಾನ."

"ಎಡಕ್ಕೆ ಈಶ್ವರ ಸಾರ್."

"ತಪ್ಪು! ಬಲಕ್ಕೆ ಈಶ್ವರ. ಹೋಗಲೇ, ಹತ್ತು ಮೈಲಿ ದೂರದಾಗೆ ಹುಟ್ಟಿ ದೇವ್ರ ಮುಖ ನೋಡಿಲ್ಲ ನೀನು."

"ನಾನು ನಿಂತ ಕಡೆಯಿಂದ ಹೇಳ್ದೆ ಸಾರ್!"

ವಿಜ್ಞಾನದ ಮೇಷ್ಟ್ರು ಮೆಲ್ಲಗೆ, "ಇಬ್ಬರೂ ಹೇಳಿದ್ದು ಸರೀನೇ ಸಾರ್. ದೇವರ ಬಲಗಡೆ ಅಂದ್ರೆ ನಮಗೆ ಎಡಗಡೆ ಅಲ್ವಾ," ಅಂದರು.

ನನ್ನನ್ನು ಉಳಿಸಲು ಬಂದವರ ಮೇಲೆ ನನಗೆ ಅವತ್ತು ಬಂದಷ್ಟು ಸಿಟ್ಟು ನನ್ನನ್ನು ಹೊಡೆದವರ ಮೇಲೂ ಬಂದಿಲ್ಲ.

"ನೋಡಪ್ಪ," ಅಂದರು ಹೆಡ್‌ಮಾಸ್ಟರು, "ನಿನ್ನ ಮಾತ್ನಾಗೆ ಅರ್ಧ ಸುಳ್ಳು ಇರ್ತೈತೆ. ಯಾವ ಅರ್ಧ ಅಂತ ನನಗೆ ಗೊತ್ತಾಗ್ತೈತೆ, ಬಂದ ಅತಿಥಿಗಳಿಗೆ ಹೆಂಗೆ ಗೊತ್ತಾಗ್ಬೇಕು? ಹೋದ ವರ್ಷ ಸ್ಕೂಲ್ ಇನ್ಸ್‌ಪೆಕ್ಟ್ರಿಗೆ ಏನ್ ಹೇಳಿದ್ದೆ, ಮರ್ತ್ಯಾ?"

ಮರೆತಿರಲಿಲ್ಲ. ಬಾತಿ ಗುಡ್ಡದ ಕೆಳಗೆ ಕರೆದುಕೊಂಡು ಹೋಗಿ, ಸಂಜೆ ಇಲ್ಲಿಗೆ ಆನೆಗಳು ನೀರು ಕುಡಿಯಲು ಬರುತ್ತವೆ ಎಂದಿದ್ದೆ. ಪಾಪ, ಆ ದೊಡ್ಡ ಮನುಷ್ಯರು ಸೂರ್ಯ ಮುಳುಗುವ ತನಕ ಬಂಡೆಯ ಮೇಲೆ ಕೂತಿದ್ದರು. ಬಂದದ್ದು ಎರಡು ಎಮ್ಮೆ.

ತೀರ್ಮಾನವಾಯಿತು. ಊರು ತೋರಿಸುವವರು ವಿಜ್ಞಾನದ ಮೇಷ್ಟ್ರು. ಅತಿಥಿಗಳಿಗಾಗಿ ಒಂದು ಕರಪತ್ರ ಬರೆದು ಅಚ್ಚು ಹಾಕಿಸುವವರೂ ಅವರೇ. ನನಗೆ ಚಾಪೆ, ಬಿಂದಿಗೆ, ಬಚ್ಚಲು. ಇನ್ನೂರು ಮಂದಿ ಬಂದು "ಈ ಊರು ಗೊತ್ತಿರುವವರು ಯಾರು?" ಎಂದು ಕೇಳಿದಾಗ ಊರೇ ಅವರ ಕಡೆ ಕೈ ತೋರಿಸುವುದು, ನಾನು ಪಕ್ಕದಲ್ಲಿ ಬಿಂದಿಗೆ ಹಿಡಿದು ನಿಂತಿರುವುದು. ಅದನ್ನು ನೆನೆದರೆ ಉಂಡದ್ದು ಇಳಿಯುತ್ತಿರಲಿಲ್ಲ.

ಅವರು ಕೈಯಲ್ಲಿ ತಿದ್ದಿದ ಕರಪತ್ರದ ಪ್ರೂಫು ಪ್ರೆಸ್ಸಿಗೆ ಒಯ್ದುಕೊಡುವ ಕೆಲಸ ಸೈಕಲ್ ಇದ್ದವನ ಪಾಲಿಗೆ ಬಂತು. ಪ್ರೆಸ್ಸಿನ ಕಟ್ಟೆಯ ಮೇಲೆ ನಿಂತು ಓದಿದೆ. ಬೆಳಿಗ್ಗೆ ಒಂಬತ್ತರೊಳಗೆ ಬೆಣ್ಣೆದೋಸೆ ತಿನ್ನಿ, ತಡವಾದರೆ ಹಿಟ್ಟು ಮುಗಿಯುತ್ತದೆ. ಹತ್ತಿಯ ಪೇಟೆಯನ್ನು ಹರಾಜಿನ ವೇಳೆಗೆ ನೋಡಿ. ಮಂಡಕ್ಕಿ ಭಟ್ಟಿಗಳಲ್ಲಿ ಕಾದ ಮರಳಿಗೆ ಬಿದ್ದ ಅಕ್ಕಿ ಅರಳುವುದನ್ನು ನೋಡಿ, ಆದರೆ ಬಿಳಿ ಬಟ್ಟೆ ಉಟ್ಟು ಹೋಗಬೇಡಿ. ಹರಿಹರದ ಗುಡಿಯ ಕಂಬಗಳಲ್ಲಿ ನಿಮ್ಮ ಮುಖ ಕಾಣುತ್ತದೆ. ಮಧ್ಯಾಹ್ನ ಹೊಳೆದಂಡೆಯ ಕಲ್ಲು ಕಾಯುತ್ತದೆ, ಚಪ್ಪಲಿ ಕೈಗೆಟುಕುವಂತೆ ಇರಲಿ.

ತಪ್ಪು ಹುಡುಕಿದೆ. ಒಂದೂ ಸಿಗಲಿಲ್ಲ. ಒಂದು ಕೊರತೆ ಮಾತ್ರ ಇತ್ತು, ಅದನ್ನು ಇವತ್ತು ನಾನು ತುಂಬಿಸುತ್ತೇನೆ, ಬರೆದುಕೊಳ್ಳಿ: ಹೋಟೆಲ್ಲಿನ ಬಾಗಿಲು ತೆಗೆದ ಕೂಡಲೇ ನುಗ್ಗಬಾರದು. ಮೊದಲ ಹತ್ತಿಪ್ಪತ್ತು ದೋಸೆಗೆ ಹಾಕಿದ ಬೆಣ್ಣೆಯನ್ನು ಹೆಂಚೇ ಕುಡಿಯುತ್ತದೆ. ಆಮೇಲಿನ ದೋಸೆ ನಮ್ಮದು. ಇದು ಆ ನೋಟ್‌ಬುಕ್ಕಿನವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು!

ಆದರೆ ಅದನ್ನು ಬರೆದರೆ ಅವರ ಕರಪತ್ರ ಇನ್ನೂ ಚೆನ್ನಾಗುತ್ತಿತ್ತು. ನನಗೆ ಬೇಕಾದದ್ದು ಅದು ಕೆಡುವುದು. ಯಾರ ಅಕ್ಷರವನ್ನಾದರೂ ನಕಲು ಮಾಡುವ ವಿದ್ಯೆ ನನ್ನ ಕೈಯಲ್ಲಿತ್ತು, ಹುಡುಗನಾಗಿದ್ದಾಗ ಅರ್ಧ ತರಗತಿಗೆ ಅಪ್ಪಂದಿರ ರಜಾ ಚೀಟಿ ಬರೆದುಕೊಟ್ಟವನು ನಾನು. ಪ್ರೂಫಿನ ಕೆಳಗೆ ವಿಜ್ಞಾನದ ಮೇಷ್ಟ್ರ ದುಂಡಕ್ಷರದಲ್ಲಿ ಸೇರಿಸಿದೆ: "ಹರಿಹರಕ್ಕೆ ಹೋಗುವಾಗ ಭಟ್ಟಿಯಿಂದ ಒಂದು ಪೊಟ್ಟಣ ಮಂಡಕ್ಕಿ ಒಯ್ಯಿರಿ. ಸಿಟ್ಟಿದ್ದವರ ಹೆಸರನ್ನು ಮೂರು ಸಲ ಗಟ್ಟಿಯಾಗಿ ಹೇಳಿ ಮೀನುಗಳಿಗೆ ಒಂದು ಹಿಡಿ ಹಾಕುವುದು ಇಲ್ಲಿನ ಹಳೆಯ ಪದ್ಧತಿ. ಮಂಡಕ್ಕಿ ಮುಗಿಯುವಷ್ಟರಲ್ಲಿ ಸಿಟ್ಟೂ ಮುಗಿಯುತ್ತದೆಂದು ನಂಬಿಕೆ."

ನನ್ನ ಲೆಕ್ಕ ಸರಳ. ಪೇಟ ಸುತ್ತಿದ ಮೇಷ್ಟ್ರುಗಳು ಹೊಳೆಯಲ್ಲಿ ನಿಂತು ಕೂಗುತ್ತಾರೆ, ಹರಿಹರದವರು ನಗುತ್ತಾರೆ, ಇಂಥ ಪದ್ಧತಿ ಇಲ್ಲಿಲ್ಲ ಎನ್ನುತ್ತಾರೆ, ನೋಟ್‌ಬುಕ್ಕಿನ ಪಂಡಿತರ ಮಾನ ತುಂಗಭದ್ರೆಯ ಪಾಲಾಗುತ್ತದೆ.

ಸಮ್ಮೇಳನದ ಹಿಂದಿನ ದಿನ ಅಚ್ಚಾದ ಕರಪತ್ರದ ಒಂದು ಪ್ರತಿ ಮನೆಗೆ ತಂದೆ. ನನ್ನ ಹೆಂಡತಿ ಒಲೆಯ ಮುಂದೆ ಕೂತು ಓದಿದಳು.

"ಎಷ್ಟು ಚಂದ ಬರ್ದಾರೆ ನೋಡ್ರಿ," ಅಂದಳು. "ಅದ್ರಾಗೂ ಈ ಮೀನಿಂದು! ಓದ್ತಿದ್ರೆ ಯಾಕೋ ಕಣ್ಣಾಗೆ ನೀರು ಬರ್ತೈತೆ."

"ಒಲೆ ಹೊಗೆ ಅದು," ಅಂದೆ.

"ನಿಮಗೆ ಯಾಕ್ರಿ ಅಷ್ಟು ಉರಿ? ಒಳ್ಳೆಯೋರು ಒಳ್ಳೇದು ಬರೀತಾರೆ."

ಆ ಸಾಲು ನನ್ನದು ಎನ್ನಲು ನಾಲಿಗೆ ತುದಿಗೆ ಬಂದಿತ್ತು. ತಟ್ಟೆ ಎಳೆದುಕೊಂಡು ಉಣ್ಣಲು ಕೂತೆ.

ಎರಡನೆಯ ದಿನ ನಾಲ್ಕು ಬಸ್ಸು ತುಂಬ ಜನ ಹರಿಹರಕ್ಕೆ ಹೊರಟರು. ನೀರಿನ ಬಿಂದಿಗೆಗಳ ಜೊತೆ ನಾನೂ ಹೋದೆ. ಬೆಳಿಗ್ಗೆಯೇ ಭಟ್ಟಿಗಳಿಗೆ ಹೋಗಿಬಂದಿದ್ದರಿಂದ ಎಲ್ಲರ ಕೈಯಲ್ಲೂ ಮಂಡಕ್ಕಿ ಪೊಟ್ಟಣ. ಗುಡಿ ನೋಡಿ ಹೊಳೆಗೆ ಇಳಿದರು. ಮೊದಲು ಯಾರು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಧಾರವಾಡ ಕಡೆಯ ದಪ್ಪ ಮಾಸ್ತರರೊಬ್ಬರು ಧೋತರ ಎತ್ತಿ ಕಟ್ಟಿ ನೀರಿಗೆ ನಡೆದರು.

"ನಮ್ಮ ಹೆಡ್‌ಮಾಸ್ತರ ಹೆಸರಿಗೆ!" ಎಂದು ಮೂರು ಸಲ ಕೂಗಿ ಒಂದು ಹಿಡಿ ಎಸೆದರು. ಮೀನುಗಳು ಗುಂಪಾಗಿ ಮೇಲೆ ಬಂದವು. "ಇನ್ನೊಂದು ಪೊಟ್ಟಣ ಕೊಡ್ರೀ ಯಾರರ, ಒಂದರಾಗ ಹೋಗೂ ಸಿಟ್ಟಲ್ಲ ಇದು!"

ಆಮೇಲೆ ತಡೆಯುವವರೇ ಇಲ್ಲ. ಒಬ್ಬರು ಬೀಗರ ಹೆಸರಿಗೆ, ಒಬ್ಬರು ಮನೆ ಮಾಲೀಕರ ಹೆಸರಿಗೆ, ಹತ್ತು ಜನ ಒಟ್ಟಾಗಿ "ಇನ್ಸ್‌ಪೆಕ್ಟರ್ ಸಾಹೇಬ್ರ ಹೆಸರಿಗೆ!" ಎಂದರು. ತಿರುಗಿ ನೋಡಿದರೆ ಆನೆಗೆ ಕಾದು ಕೂತಿದ್ದ ಅದೇ ಇನ್ಸ್‌ಪೆಕ್ಟರು ಹಿಂದೆಯೇ ನಿಂತಿದ್ದಾರೆ! ಅವರು ಪಕ್ಕದವರ ಪೊಟ್ಟಣ ಇಸಿದುಕೊಂಡು, ಇಡೀ ಪೊಟ್ಟಣವನ್ನೇ ನೀರಿಗೆ ಬಗ್ಗಿಸಿ, "ಇದು ಜಿಲ್ಲೆಯ ಎಲ್ಲಾ ಮೇಷ್ಟ್ರುಗಳ ಹೆಸರಿಗೆ," ಅಂದರು. ನಗುವೋ ನಗು.

ಪಕ್ಕದ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದ ಹರಿಹರದ ಮುದುಕರೊಬ್ಬರನ್ನು ಯಾರೋ ಕೇಳಿದರು, "ಅಜ್ಜಾರೆ, ಇದು ಬಾಳ ಹಳೇ ಪದ್ಧತಿ ಏನ್ರಿ?" ಈಗ ಬಯಲಾಗುತ್ತದೆ ಪಂಡಿತರ ಬಣ್ಣ ಅಂದುಕೊಂಡೆ.

ಮುದುಕರು ಪಂಚೆ ಹಿಂಡುತ್ತ, "ಹೌದ್ರಿ ಮತ್ತೆ! ನಮ್ಮಜ್ಜನ ಕಾಲದಿಂದ ಐತೆ," ಅಂದರು. "ಈಗ ಮಂಡಕ್ಕಿ ಹಾಕ್ತೀರಿ. ಮುಂಚೆಲ್ಲ ಬೆಲ್ಲ ಕಲಸಿ ಹಾಕ್ತಿದ್ರು."

ನಮ್ಮ ಸೀಮೆಯ ಜನರ ಜಾಯಮಾನ ನನಗೆ ನೆನಪಾಗದೆ ಹೋಯಿತು ನೋಡಿ. ಪರವೂರಿನವರ ಮುಂದೆ ಪ್ರಾಣ ಬಿಟ್ಟಾರು, "ಗೊತ್ತಿಲ್ಲ" ಎನ್ನಲಾರರು. ನಾನೂ ಅವರ ಪೈಕಿಯೇ.

ಅಷ್ಟರಲ್ಲಿ ಒಬ್ಬ ಉಪಾಧ್ಯಾಯಿನಿ ವಿಜ್ಞಾನದ ಮೇಷ್ಟ್ರ ಹತ್ತಿರ ಬಂದರು. "ಹೆಸ್ರು ಗಟ್ಟಿಯಾಗಿ ಹೇಳ್ಲೇಬೇಕೇನ್ರಿ? ಯಜಮಾನ್ರ ಹೆಸ್ರು ಹೆಂಗೆ ಬಾಯಿ ಬಿಟ್ಟು ಹೇಳ್ಲಿ?"

ಮೇಷ್ಟ್ರು ಕರಪತ್ರವನ್ನು ಆಗಲೇ ಹತ್ತು ಸಲ ತಿರುಗಿಸಿ ನೋಡಿದ್ದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ನೋಡಿದರು. ಇದು ತಾವು ಬರೆದದ್ದಲ್ಲ ಎಂದು ಅವರಿಗೆ ಗೊತ್ತು. ಈಗ ತಡವರಿಸುತ್ತಾರೆ ಎಂದು ಕಾದೆ. ಅವರು ಆ ಹೆಂಗಸಿನ ಮುಖ ನೋಡಿದರು. ಆಕೆ ನಗುತ್ತಿರಲಿಲ್ಲ.

"ಮನಸ್ಸಲ್ಲೇ ಹೇಳ್ಕೊಳ್ಳಿ ತಾಯಿ," ಅಂದರು. "ಮೀನಿಗೆ ಕೇಳ್ಸುತ್ತೆ."

ಆಕೆ ಸ್ವಲ್ಪ ದೂರ ಹೋಗಿ, ಒಂದೊಂದೇ ಹಿಡಿ, ಪೊಟ್ಟಣ ಮುಗಿಯುವ ತನಕ ಹಾಕಿದರು. ನನ್ನ ಸುಳ್ಳಿಗೆ ಮೇಷ್ಟ್ರು ಒಂದೇ ಒಂದು ಮಾತು ಸೇರಿಸಿದರು, ಅದು ನನ್ನ ಮೂರು ಸಾಲಿಗಿಂತ ಚೆನ್ನಾಗಿತ್ತು. ಇದನ್ನು ಹೇಗೆ ಸಹಿಸಲಿ?

ಕೊನೆಯ ದಿನ ಸಮಾರೋಪ. ಅಧ್ಯಕ್ಷರಾಗಿ ಬಂದಿದ್ದ ಹಿರಿಯರು ಎದ್ದು, ಮೂರು ದಿನದ ಭಾಷಣವೆಲ್ಲ ಮರೆಯುತ್ತೇನೆ, ಹೊಳೆಯ ಒಂದು ಹಿಡಿ ಮಂಡಕ್ಕಿ ಮರೆಯುವುದಿಲ್ಲ ಎಂದರು. ವಿಜ್ಞಾನದ ಮೇಷ್ಟ್ರನ್ನು ವೇದಿಕೆಗೆ ಕರೆದು ಹಾರ ಹಾಕಿದರು. ಅವರು ಮೈಕಿನ ಮುಂದೆ ನಿಂತು ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಆ ಮೀನಿನ ಮಾತು ನಾನು ಬರೆದದ್ದಲ್ಲ. ಯಾರೋ ಸೇರಿಸಿದ್ದಾರೆ. ಅವರಿಗೆ ಈ ಊರು ನನಗಿಂತ ಚೆನ್ನಾಗಿ ಗೊತ್ತಿದೆ. ಸಭೆಯಲ್ಲಿದ್ದರೆ ದಯವಿಟ್ಟು ಎದ್ದು ನಿಲ್ಲಬೇಕು. ಈ ಹಾರ ಅವರದು."

ನಾನು ಬಾಗಿಲ ಬಳಿ ಬಿಂದಿಗೆ ಹಿಡಿದು ನಿಂತೇ ಇದ್ದೆ. ಕೈ ಎತ್ತಿದರೆ ಸಾಕಿತ್ತು. ನಾನು ಬಯಸಿದ್ದ ಮಾತನ್ನು, ಊರು ಇವನಿಗೆ ಗೊತ್ತು ಎನ್ನುವ ಮಾತನ್ನು, ಇನ್ನೂರು ಜನರ ಮುಂದೆ ನನ್ನ ವೈರಿಯೇ ಹೇಳಿಯಾಗಿತ್ತು. ಆದರೆ ಮುಂದಿನ ಸಾಲಿನಲ್ಲಿ ಇನ್ಸ್‌ಪೆಕ್ಟರು ಕೂತಿದ್ದರು. ಹೆಡ್‌ಮಾಸ್ಟರು ಕತ್ತು ಹೊರಳಿಸಿ ನನ್ನನ್ನೇ ನೋಡುತ್ತಿದ್ದರು. ನಾನು ಕೈ ಎತ್ತಿದ ಗಳಿಗೆಯೇ ಆ ಪದ್ಧತಿ ಸುಳ್ಳಾಗುತ್ತಿತ್ತು, ಬಾತಿ ಗುಡ್ಡದ ಆನೆಯ ಜೊತೆ ಸೇರಿಬಿಡುತ್ತಿತ್ತು. ಕಿಟಕಿಯ ಹತ್ತಿರ ಆ ಉಪಾಧ್ಯಾಯಿನಿ ಖಾಲಿ ಪೊಟ್ಟಣದ ಕಾಗದವನ್ನು ಮಡಿಸಿ ಪುಸ್ತಕದೊಳಗೆ ಇಟ್ಟುಕೊಂಡದ್ದು ಕಾಣುತ್ತಿತ್ತು.

ನಾನು ಬಿಂದಿಗೆ ಬಗ್ಗಿಸಿ ಪಕ್ಕದವರ ಲೋಟಕ್ಕೆ ನೀರು ಹಾಕಿದೆ.

ಯಾರೂ ಏಳಲಿಲ್ಲ. ಎಂಥ ವಿನಯ ಈ ಮೇಷ್ಟ್ರದು ಎಂದು ಜನ ಇನ್ನಷ್ಟು ಚಪ್ಪಾಳೆ ತಟ್ಟಿದರು. ಹಾರ ಮರಳಿ ಅವರ ಕೊರಳಿಗೇ ಬಿತ್ತು.

ಅವತ್ತು ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಪ್ರೆಸ್ಸಿನ ಕಟ್ಟೆ, ದುಂಡಕ್ಷರ, ಒಂದೂ ಬಿಡಲಿಲ್ಲ. ಅವಳು ರೊಟ್ಟಿ ತಟ್ಟುವುದು ನಿಲ್ಲಿಸಿ ಕೇಳಿಸಿಕೊಂಡಳು. ಆಮೇಲೆ ಬಾಯಿಗೆ ಸೆರಗು ಹಿಡಿದು ನಕ್ಕಳು.

"ಸುಮ್ನಿರ್ರಿ! ಅಷ್ಟು ಚಂದ ಮಾತು ನಿಮಗೆಲ್ಲಿ ಬರ್ಬೇಕು? ಆನೆ ಕಥಿ ನಿಮ್ದು ಅಂದ್ರೆ ನಂಬ್ತೀನಿ."

ಮುಂದಿನ ಭಾನುವಾರ ಒಂದು ಪೊಟ್ಟಣ ಮಂಡಕ್ಕಿ ಕಟ್ಟಿಸಿಕೊಂಡು ಹರಿಹರಕ್ಕೆ ಸೈಕಲ್ ತುಳಿದೆ. ಹೊಳೆಗೆ ಇಳಿದು, ಆಚೀಚೆ ನೋಡಿ, ವಿಜ್ಞಾನದ ಮೇಷ್ಟ್ರ ಹೆಸರನ್ನು ಮೂರು ಸಲ ಹೇಳಿ ಒಂದು ಹಿಡಿ ಹಾಕಿದೆ. ಮೀನು ಬಂದವು, ತಿಂದವು. ಇನ್ನೊಂದು ಹಿಡಿ ಹಾಕಿದೆ. ಸಿಟ್ಟು ಇದ್ದಲ್ಲೇ ಇತ್ತು. ಸುಳ್ಳು ಹುಟ್ಟಿಸಿದವನಿಗೆ ಅದರ ಫಲವಿಲ್ಲವೋ ಏನೋ. ಉಳಿದ ಮಂಡಕ್ಕಿಯನ್ನು ಕಲ್ಲಿನ ಮೇಲೆ ಕೂತು ನಾನೇ ತಿನ್ನತೊಡಗಿದೆ.

ಅದೇ ಮುದುಕರು ಬಟ್ಟೆಯ ಗಂಟು ಹೊತ್ತು ಬಂದರು. ನನ್ನನ್ನು ನೋಡಿ ಅವರಿಗೆ ತಡೆಯಲಾಗಲಿಲ್ಲ.

"ಹಂಗೆ ತಿನ್ಬಾರ್ದಪ್ಪ ಅದನ್ನ," ಅಂದರು. "ನಿನಗೆ ಇಲ್ಲಿನ ಪದ್ಧತಿ ಗೊತ್ತಿಲ್ಲ ಅಂತ ಕಾಣ್ತೈತೆ. ಯಾವೂರು ನಿಂದು?"