ಕಾರು ರಿಪೇರಿಯಾಗಿ ಬಂತು

ಸಿಂಧನೂರಿನಲ್ಲಿ ಭತ್ತದ ಸುಗ್ಗಿಯ ಹೊತ್ತಿಗೆ ಯಾರೂ ಕಾರು ಜಖಂ ಮಾಡಿಕೊಳ್ಳಬಾರದು. ಮಾಡಿಕೊಂಡರೆ ಕಣ್ಣೆತ್ತಿ ನೋಡುವವರಿಲ್ಲ. ಮೊದಲು ಭತ್ತ ಕೊಯ್ಯುವ ಮಷಿನ್ನು, ಆಮೇಲೆ ಟ್ರ್ಯಾಕ್ಟರು, ಟ್ರೇಲರು, ಲಾರಿ. ಅವೆಲ್ಲ ಮುಗಿದ ಮೇಲೆ ಮೇಸ್ತ್ರಿಗೆ ಮನಸ್ಸು ಬಂದರೆ ಕಾರು. ನನ್ನ ಕಾರು ಜಖಂ ಆದದ್ದು ಸುಗ್ಗಿಯಲ್ಲೇ, ಅದೂ ಭತ್ತ ತುಂಬಿದ ಟ್ರೇಲರಿಗೆ ಗುದ್ದಿ.

ನಾನು ಮಸ್ಕಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮನೆ ಇರುವುದು ಸಿಂಧನೂರಿನಲ್ಲಿ. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಎರಡೂ ಕಾಲು ಹೋದವು. ಊರುಗೋಲು ಹಿಡಿದು ನಿಲ್ಲಬಲ್ಲೆ, ಒಂದಿಷ್ಟು ದೂರ ಹೋಗಬಲ್ಲೆ. ಬಸ್ಸಿನ ಮೆಟ್ಟಿಲು ಹತ್ತಬೇಕೆಂದರೆ ಮಾತ್ರ ಯಾರಾದರೂ ಎತ್ತಬೇಕು. ಬಹಳ ವರ್ಷ ಹಾಗೆ ಎತ್ತಿಸಿಕೊಂಡೇ ನೌಕರಿ ಮಾಡಿದೆ. ಕಂಡಕ್ಟರು, ತರಕಾರಿ ಮಾರುವ ಹೆಂಗಸರು, ಕಾಲೇಜಿಗೆ ಹೋಗುವವರು, ಎಲ್ಲರೂ ಎತ್ತಿದ್ದಾರೆ. ಎಲ್ಲರೂ ಒಳ್ಳೆಯವರೇ. ಆದರೆ ದಿನಾ ಬೆಳಿಗ್ಗೆ ಎದ್ದು ಒಳ್ಳೆಯವರ ಕೈಗೆ ಸಿಗುವುದು ಎಂಥ ಹಿಂಸೆ ಎಂಬುದು ಆ ಒಳ್ಳೆಯವರಿಗೆ ಗೊತ್ತಾಗುವುದಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಶಾಲೆಯಲ್ಲಿ ಹೇಳುತ್ತಾರೆ. ಬಸ್ಸು ಹತ್ತಿ ಬಂದ ದಿನ ಇನ್ನೆಲ್ಲಿ ಇರಬೇಕು?

ನಲವತ್ತು ದಾಟಿದ ಮೇಲೆ ಕಾರು ಕೊಂಡೆ, ಗೇರು ತಾನೇ ಬದಲಾಗುವ ಕಾರು. ಬ್ರೇಕಿಗೂ ಎಕ್ಸಿಲರೇಟರಿಗೂ ಕಾಲು ಬೇಕಲ್ಲ, ಅದಕ್ಕೆ ದೂರದ ಊರಿನ ಒಬ್ಬ ಮೆಕ್ಯಾನಿಕ್ ಸ್ಟೇರಿಂಗಿನ ಕೆಳಗೆ ಒಂದು ರಾಡು ಕೂಡಿಸಿಕೊಟ್ಟ. ಮುಂದಕ್ಕೆ ಒತ್ತಿದರೆ ಬ್ರೇಕು, ನನ್ನ ಕಡೆ ಎಳೆದರೆ ವೇಗ. ಆರ್‌ಟಿಒದವರು ಓಡಿಸಿ ತೋರಿಸು ಎಂದರು, ತೋರಿಸಿದೆ, ಲೈಸೆನ್ಸು ಕೊಟ್ಟರು. ನಮ್ಮ ಕಡೆಯ ಬಿಸಿಲಿಗೆ ಆ ರಾಡಿನ ಹಿಡಿಕೆ ಕಾದು ಕೈ ಸುಡುತ್ತಿತ್ತು. ಅವ್ವ ತನ್ನ ಹಳೆಯ ಇಳಕಲ್ ಸೀರೆಯ ಸೆರಗು ಹರಿದು ಹಿಡಿಕೆಗೆ ಸುತ್ತಿ ಹೊಲಿದಳು. "ಇಕಿಗೆ ದೇವ್ರು ಕಾಲ ಕೊಡಲಿಲ್ಲ, ಗಾಲಿ ಕೊಟ್ಟಾನ ನೋಡ್ರಿ," ಎಂದು ಓಣಿಯ ತುಂಬ ಹೇಳಿಕೊಂಡು ಬಂದಳು.

ಯಾರಿಗೂ ಹೇಳದ ಒಂದು ಸಂಗತಿ ಇದೆ. ಸಂಜೆ ಶಾಲೆ ಬಿಟ್ಟು ಬರುವಾಗ ಗೊರೇಬಾಳದ ಹತ್ತಿರ ಕಾಲುವೆಯ ಪಕ್ಕ ಕಾರು ನಿಲ್ಲಿಸುತ್ತಿದ್ದೆ. ಯಾಕೆ ಎಂದರೆ ಕಾರಣವಿಲ್ಲ. ಗಾಜು ಇಳಿಸಿ ಸುಮ್ಮನೆ ಕೂತಿರುತ್ತಿದ್ದೆ. ಕಾಲುವೆಯಲ್ಲಿ ನೀರು ಹೋಗುತ್ತಿತ್ತು, ಗದ್ದೆಯಲ್ಲಿ ಬೆಳ್ಳಕ್ಕಿ ಇಳಿದಿರುತ್ತಿದ್ದವು. ಬೇಸರ ಬಂದಾಗ ಹೊರಡುತ್ತಿದ್ದೆ. ಕಾಲಿದ್ದವರು ದಾರಿಯಲ್ಲಿ ಎಲ್ಲೆಂದರಲ್ಲಿ ನಿಲ್ಲುತ್ತಾರೆ, ಮನಸ್ಸು ಬಂದಾಗ ನಡೆಯುತ್ತಾರೆ, ಅದೊಂದು ಸುಖ ಎಂದು ಅವರಿಗೆ ಅನಿಸಿರುವುದೂ ಇಲ್ಲ. ನನಗೆ ಅನಿಸುತ್ತಿತ್ತು.

ಅಪಘಾತವಾದದ್ದು ಅಲ್ಲಿಂದ ತುಸು ಈಚೆಗೆ. ಕತ್ತಲಾಗುತ್ತಿತ್ತು. ಹಿಂದೆ ದೀಪವಿಲ್ಲದ ಟ್ರೇಲರು ರಸ್ತೆಯ ಮೇಲೇ ನಿಂತಿತ್ತು. ಎದುರಿಗೆ ಬಂದ ಬಸ್ಸಿನ ಬೆಳಕು ಕಣ್ಣಿಗೆ ಹೊಡೆಯಿತು. ರಾಡನ್ನು ಮುಂದಕ್ಕೆ ಒತ್ತಿದೆ, ಬ್ರೇಕು ಹಿಡಿಯಿತು, ಆದರೂ ಕಾರು ಮುಂದಿನ ಎಡಮೂಲೆಯಿಂದ ಟ್ರೇಲರಿನ ಕೆಳಗೆ ನುಗ್ಗಿ, ಅಲ್ಲಿಂದ ಜಾರಿ ಗದ್ದೆಯ ಕಡೆಗೆ ವಾಲಿತು. ಬಾಗಿಲು ತೆಗೆಯಲು ಬರಲಿಲ್ಲ. ಊರುಗೋಲು ಹಿಂದಿನ ಸೀಟಿನಲ್ಲಿದ್ದವು. ಜನ ಕೂಡಿದರು, ಕೆಲವರು ಬಾಗಿಲು ಎಳೆದರು, ಕೆಲವರು ವಿಡಿಯೋ ಮಾಡಿಕೊಂಡರು. ತಮ್ಮನಿಗೆ ಯಾರೋ ಫೋನು ಮಾಡಿದರು. ಸಿಂಧನೂರಿನಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿರುವ ಅವನು ಹೇಗೆ ಬಂದನೋ ಗೊತ್ತಿಲ್ಲ, ಬಂದವನು ಕಬ್ಬಿಣದ ಸಲಾಕೆ ಹಾಕಿ ಬಾಗಿಲು ಮೀಟಿ ನನ್ನನ್ನು ಹೊರಗೆಳೆದ. ನನಗೆ ಹಣೆಗೊಂದು ಗಾಯ, ಅಷ್ಟೇ. ಅವನು ಮಾತ್ರ ಮನೆ ಮುಟ್ಟುವವರೆಗೂ ನನ್ನ ತೋಳು ಬಿಡಲಿಲ್ಲ.

ಮೊದಲು ಸಿಂಧನೂರಿನದೇ ಒಂದು ಗ್ಯಾರೇಜಿಗೆ ಹಾಕಿದೆವು. ಅಲ್ಲಿನ ಟಿಂಕರಿಂಗ್ ಮೇಸ್ತ್ರಿ ಕಾರಿನ ಸುತ್ತ ಒಂದು ಸುತ್ತು ಬಂದು, ಮಷಿನ್ನುಗಳ ಕಡೆ ಕೈ ತೋರಿಸಿದ. "ಅಕ್ಕೋರ, ಸುಗ್ಗಿ ಐತ್ರಿ. ಒಂದ ಮಷಿನ್ ನಿಂತ್ರ ರೈತ್ರು ಬಂದು ನನ್ನ ಕೊಳ್ಳಪಟ್ಟಿ ಹಿಡೀತಾರ. ನಿಮ್ಮ ಕಾರ ಏನ್ರಿ, ನಿಂತ್ರ ನಿಂತತಿ."

"ಕಾರ ನಿಂತ್ರ ನಾನೂ ನಿಂತಂಗ," ಎಂದೆ.

ಅವನು ನನ್ನ ಊರುಗೋಲು ನೋಡಿದ, ಪಾಪ ಎಂದುಕೊಂಡ, ಅದು ಮುಖದ ಮೇಲೆ ಕಾಣಿಸಿತು. ಕೆಲಸ ಮಾತ್ರ ಮಾಡಲಿಲ್ಲ. ಸುಗ್ಗಿ ಮುಗಿಯುವವರೆಗೆ ನನ್ನ ಕಾರು ಅಲ್ಲೇ ಬೇವಿನ ಗಿಡದ ಕೆಳಗೆ ನಿಂತಿತ್ತು. ಮಷಿನ್ನಿನ ಡ್ರೈವರುಗಳು ಅದರ ಮೇಲೆ ಬುತ್ತಿ ಇಟ್ಟುಕೊಂಡು ಉಣ್ಣುತ್ತಿದ್ದರು, ಬಾಗಿಲಿಗೆ ಒದ್ದೆ ಟವೆಲು ಹಾಕುತ್ತಿದ್ದರು. ಮುರಿದ ಬಾನೆಟ್ಟಿನ ಮೇಲೆ ಯಾರೋ ಒಬ್ಬ ಕನ್ನಡಿ ಆನಿಸಿಕೊಂಡು ಗಡ್ಡ ಹೆರೆದುಕೊಳ್ಳುವುದನ್ನೂ ನೋಡಿದೆ. ಜಗಳಕ್ಕೆ ಹೋದೆ. "ನೀವು ಸಿಟ್ಟಾಗಬ್ಯಾಡ್ರಿ ಅಕ್ಕೋರ, ತಮ್ಮಾರನ್ನ ಕಳಸ್ರಿ, ಮಾತಾಡ್ತೀನಿ," ಎಂದ ಮೇಸ್ತ್ರಿ. ಗಾಡಿ ನನ್ನದು, ಹೆಸರು ನನ್ನದು, ಮಾತು ತಮ್ಮನ ಹತ್ತಿರ.

ಕೊನೆಗೆ ಕಾರನ್ನು ಲಾರಿಯ ಮೇಲೆ ಹೇರಿ ಲಿಂಗಸುಗೂರಿಗೆ ಒಯ್ದೆವು. ಅಲ್ಲಿ ದೊಡ್ಡ ಗ್ಯಾರೇಜು, ಬಣ್ಣ ಹೊಡೆಯಲು ಬೇರೆ ಕೋಣೆ, ಕೂಡಲು ಕುರ್ಚಿ. ಮಾಲಕ ಚಹಾ ತರಿಸಿದ, ಬಹಳ ಮರ್ಯಾದೆಯ ಮನುಷ್ಯ. ನಾನು ಕಾರಿನೊಳಗೆ ಬಗ್ಗಿ ರಾಡು ತೋರಿಸಿ ಹೇಳಿದೆ, "ಎಲ್ಲಾ ಬಿಚ್ರಿ, ಎಲ್ಲಾ ಬದ್ಲಿ ಮಾಡ್ರಿ. ಇದಕ್ಕ ಮಾತ್ರ ಕೈ ಹಚ್ಚಬ್ಯಾಡ್ರಿ. ಇದಕ್ಕೇನೂ ಆಗಿಲ್ಲ."

"ಫಿಕರ್ ಮಾಡಬ್ಯಾಡ್ರಿ ಅಕ್ಕೋರ," ಎಂದ.

ಆಮೇಲಿನ ತಿಂಗಳುಗಳ ಬಗ್ಗೆ ಬರೆಯಲು ಬೇಸರ. ಹೆಡ್‌ಲೈಟು ಬಂದರೆ ಬಂಪರು ಬಂದಿರುವುದಿಲ್ಲ. ಬಂಪರು ಬಂದರೆ ಅದು ಬೇರೆ ಮಾದರಿಯದು. ಪೇಂಟರು ಮುದಗಲ್‌ಗೆ ಮದುವೆಗೆ ಹೋಗಿದ್ದಾನೆ, ನಾಳೆ ಬರುತ್ತಾನೆ. ನಾಳೆ ಕೇಳಿದರೆ ಅಮಾವಾಸ್ಯೆ. ನಾನು ಫೋನು ಮಾಡಿದರೆ, "ತಮ್ಮಾರಿಗೆ ಎಲ್ಲಾ ಹೇಳೀನ್ರಿ," ಎಂಬ ಒಂದೇ ಉತ್ತರ. ಬರಬರುತ್ತ ನಾನೂ ಕೈಚೆಲ್ಲಿದೆ. ಓಡಾಟವೆಲ್ಲ ತಮ್ಮನೇ ನೋಡಿಕೊಂಡ. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ನನ್ನನ್ನು ಬಸ್‌ಸ್ಟ್ಯಾಂಡಿಗೆ ತಂದು ಮೆಟ್ಟಿಲು ಎತ್ತಿ ಕೂಡಿಸುತ್ತಿದ್ದ. ಮಸ್ಕಿಯಲ್ಲಿ ಇಳಿಸಲು ಮತ್ತೆ ಯಾರಾದರೂ ಒಳ್ಳೆಯವರು. ಒಂದು ದಿನ ಎತ್ತಿದವನು ನನ್ನ ಹಳೆಯ ವಿದ್ಯಾರ್ಥಿ. "ಟೀಚರ್‌ರ, ನೀವು ಕಾರ ಹೊಡೀತಿದ್ರಲ್ರೀ?" ಎಂದ. ಅವತ್ತು ಸ್ಟಾಫ್ ರೂಮಿನ ಬಾಗಿಲು ಹಾಕಿಕೊಂಡು ಅತ್ತೆ.

ಕಾರು ತಯಾರಾಗಿದೆ ಎಂದು ಫೋನು ಬಂದ ದಿನ ನಾನು ಹೊಸ ಸೀರೆ ಉಟ್ಟೆ. ಹೇಳಿಕೊಳ್ಳಲು ನಾಚಿಕೆ, ಆದರೆ ಉಟ್ಟೆ. ತಮ್ಮ ಬಾಡಿಗೆ ಗಾಡಿ ಮಾಡಿದ. ದಾರಿಯಲ್ಲಿ ನಾನೇ ಮಾತಾಡುತ್ತಿದ್ದೆ, ಬರುವಾಗ ನಾನೇ ಹೊಡೆಯುತ್ತೇನೆ, ಮಸ್ಕಿಯಲ್ಲಿ ನಿನಗೆ ಮಿರ್ಚಿ ತಿನ್ನಿಸುತ್ತೇನೆ ಎಂದೆಲ್ಲ. ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. ಅಂಗಡಿಯ ಚಿಂತೆ ಎಂದುಕೊಂಡೆ.

ಗ್ಯಾರೇಜಿನ ಮುಂದೆ ಕಾರು ತೊಳೆದು ನಿಲ್ಲಿಸಿದ್ದರು. ಬಾನೆಟ್ಟಿಗೆ ವಿಭೂತಿ ಪಟ್ಟೆ, ಗಾಲಿಗೆ ನಿಂಬೆಹಣ್ಣು. ಎಲ್ಲಿ ಗುದ್ದಿತ್ತೆಂದು ನನಗೇ ಗೊತ್ತಾಗಲಿಲ್ಲ, ಅಷ್ಟು ಚೆಂದ ಮಾಡಿದ್ದರು. ಮಾಲಕ ಚಾವಿಯನ್ನು ತಮ್ಮನ ಕೈಗೆ ಕೊಟ್ಟ. ನಾನು ಊರುಗೋಲು ಊರುತ್ತ ಹೋಗಿ ಸ್ಟೇರಿಂಗಿನ ಕಡೆಯ ಬಾಗಿಲು ತೆಗೆದೆ.

ರಾಡು ಇರಲಿಲ್ಲ.

ಕೆಳಗೆ ಎರಡು ಪೆಡಲು ಕರ್ರಗೆ ಹೊಳೆಯುತ್ತಿದ್ದವು. ಬೋಲ್ಟು ಇದ್ದ ತೂತುಗಳನ್ನೂ ಮುಚ್ಚಿದ್ದರು. ಮಾಲಕ ಹಿಂದೆ ಬಂದು ನಿಂತು ಹೆಮ್ಮೆಯಿಂದ ಹೇಳಿದ, "ನೋಡ್ರಿ ಅಕ್ಕೋರ, ಶೋರೂಮಿನ್ಯಾಗಿಂದ ಬಂದಂಗ ಆಗೈತಿ."

"ರಾಡ್ ಎಲ್ಲಿ?"

"ಅದಾ? ತಗದೀವ್ರಿ. ತಮ್ಮಾರು ಹೇಳಿದ್ರಲ್ರೀ, ಇನ್ನ ಮ್ಯಾಲೆ ನಾನ ಗಾಡಿ ಹೊಡ್ಯಾಂವ, ತಗದಬಿಡ್ರಿ ಅಂತ." ಅಷ್ಟು ಹೇಳಿ ಅವನಿಗೂ ಏನೋ ಹೊಳೆಯಿತು, ತಮ್ಮನ ಮುಖ ನೋಡಿದ. ತಮ್ಮ ರಸ್ತೆ ನೋಡುತ್ತಿದ್ದ. ಮಾಲಕ ಒಳಗೆ ಹೋಗಿ, ಕಾರಿನಲ್ಲಿದ್ದ ನನ್ನ ಸಾಮಾನುಗಳ ಚೀಲ ತಂದುಕೊಟ್ಟ. ಛತ್ರಿ, ಸೀಮೆಸುಣ್ಣದ ಡಬ್ಬಿ, ಕೆಳಗೆ ಮಡಚಿಟ್ಟ ಇಳಕಲ್ ಸೆರಗಿನ ತುಂಡು. ಹೊಲಿಗೆ ಬಿಚ್ಚಿ ನೀಟಾಗಿ ತೆಗೆದಿದ್ದರು. ರಾಡು ಗುಜರಿಯವನಿಗೆ ಹೋಗಿ ಬಹಳ ದಿನವಾಗಿತ್ತು.

ತಮ್ಮ ಹಿಂದಿನ ಬಾಗಿಲು ತೆಗೆದ. ಹತ್ತಿ ಕೂತೆ. ಬಾಯಿಗೆ ಬಂದದ್ದು ಒಂದೆರಡಲ್ಲ. ಕಳ್ಳ ಎನ್ನಬೇಕೆಂದಿದ್ದೆ. ನನ್ನ ಕಾಲು ಕತ್ತರಿಸಿ ಗುಜರಿಗೆ ಹಾಕಿದ್ದೀಯ ಎನ್ನಬೇಕೆಂದಿದ್ದೆ. ಮಸ್ಕಿ ದಾಟಿದ ಮೇಲೆ ಅವನೇ ಕಾರು ಪಕ್ಕಕ್ಕೆ ಹಾಕಿ, ಸ್ಟೇರಿಂಗಿಗೆ ಹಣೆ ಹಚ್ಚಿದ.

"ಅಕ್ಕಾ, ನೀ ಒಳಗಿದ್ದಿ. ನಾ ಹೊರಗಿದ್ದೆ. ಬಾಗಲಾ ಬರವಲ್ದಾಗಿತ್ತು. ಪೆಟ್ರೋಲ್ ವಾಸನಿ ಬರಾಕತ್ತಿತ್ತು. ನಿನಗ ಗೊತ್ತಿಲ್ಲ ಅದು. ನನಗ ಈಗೂ ನಿದ್ದಿ ಹತ್ತವಲ್ದು." ಮಗುವಿನ ಹಾಗೆ ಅಳುತ್ತಿದ್ದ. "ನಾ ಇರೂತನಾ ನಿನ್ನ ಸಾಲಿಗೆ ಬಿಡ್ತೀನಿ, ಕರ್ಕೊಂಡ ಬರ್ತೀನಿ. ಅಂಗಡಿ ಮುಚ್ಚಿದ್ರ ಮುಚ್ಚಲಿ. ಆದ್ರ ನೀ ಹೊಡೀಬ್ಯಾಡ."

"ನನ್ನ ಕೇಳಬೇಕಿತ್ತಿಲ್ಲೋ?"

"ಕೇಳಿದ್ರ ನೀ ಹೂಂ ಅಂತಿದ್ದೇನು?"

ಸಿಟ್ಟು ಬಂದರೆ ಎದುರಿಗೊಬ್ಬ ದುಷ್ಟ ಬೇಕಾಗುತ್ತದೆ. ನನಗೆ ಸಿಕ್ಕಿದವನು ಅಳುವ ತಮ್ಮ.

ಮನೆಗೆ ಬಂದು ಅವ್ವನ ಮುಂದೆ ಸೆರಗಿನ ತುಂಡು ಇಟ್ಟೆ. ಅವಳು ಅದನ್ನು ಎತ್ತಿಕೊಂಡು ತೊಡೆಯ ಮೇಲೆ ಸವರಿ ಮಡಿಕೆ ತೆಗೆದಳು. "ಜೀವ ಉಳದೈತಿ, ಸಾಕ ಬಿಡವ್ವಾ," ಎಂದಳು. ಅವಳಿಗೂ ಮೊದಲೇ ಗೊತ್ತಿತ್ತು.

ಸುಮ್ಮನೆ ಕೂತೆನೆಂದು ತಿಳಿಯಬೇಡಿ. ರಾಡು ಮಾಡಿಕೊಟ್ಟ ಮೆಕ್ಯಾನಿಕ್‌ನ ನಂಬರಿಗೆ ದಿನಾ ಫೋನು ಹೊಡೆದೆ. ಕೊನೆಗೊಮ್ಮೆ ಅವನ ಹೆಂಡತಿ ಎತ್ತಿದರು. ಅವನು ತೀರಿಕೊಂಡಿದ್ದ, ಅವನ ಸಾಮಾನು ಮಾರಿ ಆಗಿತ್ತು. ಶಾಲೆಯ ಹತ್ತಿರ ಮಸ್ಕಿಯಲ್ಲೇ ಒಂದು ಲೇತ್ ಅಂಗಡಿ ಇದೆ. ಬಿಡುವಿನಲ್ಲಿ ಊರುಗೋಲು ಊರಿಕೊಂಡು ಹೋಗಿ, ನೆನಪಿನಿಂದ ಚಿತ್ರ ಬರೆದು ತೋರಿಸಿದೆ. ಲೇತಿನವನು ಚಿತ್ರವನ್ನು ಉಲ್ಟಾ ಸೀದಾ ಮಾಡಿ ನೋಡಿದ. "ಹಳೇದು ತರ್ರಿ, ನೋಡಿ ಬರಾಬರ್ ಮಾಡಿಕೊಡ್ತೀನಿ. ಬ್ರೇಕಿನ ಕೆಲಸ ಅಂದಾಜಲೆ ಮಾಡಾಕ ಬರೂದಿಲ್ರಿ. ನಿಮಗ ಏನಾರ ಆದ್ರ ನಾ ಯಾರಿಗೆ ಮುಖಾ ತೋರಸ್ಲಿ?" ಎಂದ. ಅವನೂ ಒಳ್ಳೆಯವನು. ಬೇರೆ ದೊಡ್ಡ ಊರುಗಳಲ್ಲಿ ಕೂಡಿಸುತ್ತಾರೆ ಎಂದು ಗೊತ್ತು. ಅಲ್ಲಿಗೆ ಕಾರು ಒಯ್ಯಬೇಕು. ಒಯ್ಯುವವನು ತಮ್ಮ. "ಹೋಗೂಣಂತ ಅಕ್ಕಾ," ಎನ್ನುತ್ತಾನೆ. ಸುಗ್ಗಿ ಮುಗಿಯಲಿ ಎನ್ನುತ್ತಾನೆ. ನಮ್ಮ ಸೀಮೆಯಲ್ಲಿ ಕಾಲುವೆ ನೀರಿದ್ದರೆ ಒಂದು ಸುಗ್ಗಿ ಮುಗಿಯುವಷ್ಟರಲ್ಲಿ ಇನ್ನೊಂದು ಬಿತ್ತನೆ ಬರುತ್ತದೆ, ಅವನ ಅಂಗಡಿಗೆ ಬಿಡುವೆಂಬುದು ಇಲ್ಲ.

ಮೊನ್ನೆ ಸಂಜೆ ತಮ್ಮ ಶಾಲೆಯಿಂದ ಕರೆದುಕೊಂಡು ಬರುವಾಗ ಗೊರೇಬಾಳದ ಹತ್ತಿರ ತಡೆಯಲಾಗದೆ, "ಇಲ್ಲೊಂದ ಸ್ವಲ್ಪ ನಿಲ್ಲಸು," ಎಂದೆ.

ತಟ್ಟನೆ ಬ್ರೇಕು ಹಾಕಿದ. "ಏನಾತಕ್ಕಾ? ತಲಿ ತಿರಗಾಕತ್ತೈತೇನು? ಒಂದಕ್ಕೇನರ ಹೋಗಬೇಕೇನು?" ಕೇಳುತ್ತಲೇ ಇಳಿದು, ಸುತ್ತಿ ಬಂದು, ನನ್ನ ಬಾಗಿಲು ತೆಗೆದು, ನೀರಿನ ಬಾಟಲಿ ಚಾಚಿದ.

"ಏನಿಲ್ಲ, ಸುಮ್ನ," ಎಂದೆ.

"ಸುಮ್ನ ಅಂದ್ರ?"

ಅವನ ಫೋನು ಬಡಿದುಕೊಂಡಿತು, ಅಂಗಡಿಯಿಂದ. ನನಗೆ ಕೆಟ್ಟದೆನಿಸಬಾರದೆಂದು ನೋಡದೆ ಜೇಬಿಗೆ ಹಾಕಿಕೊಂಡ. "ನೀ ಎಷ್ಟೊತ್ತರ ಕೂಡು, ನಾ ಇಲ್ಲೇ ನಿಂತಿರ್ತೀನಿ," ಎಂದ. ನಿಂತ. ಅವನ ಬೆನ್ನ ಹಿಂದೆ ಕಾಲುವೆಯಿತ್ತು, ನೀರು ಹೋಗುತ್ತಿದ್ದ ಸಪ್ಪಳ ಕೇಳುತ್ತಿತ್ತು. ಅವನು ನನ್ನನ್ನೇ ನೋಡುತ್ತಿದ್ದ.

"ನಡಿ, ಹೋಗೂಣು," ಎಂದೆ.

ಅವನು ನನ್ನ ಬಾಗಿಲು ಮುಚ್ಚಿ, ಸರಿಯಾಗಿ ಬಿದ್ದಿದೆಯೋ ಇಲ್ಲವೋ ಎಂದು ಹೊರಗಿನಿಂದ ಒಮ್ಮೆ ಎಳೆದು ನೋಡಿ, ಹೋಗಿ ಸ್ಟೇರಿಂಗಿನ ಮುಂದೆ ಕೂತ.