ಅತ್ತಿಗೆಯ ನಾಲ್ಕು ಬುಟ್ಟಿ, ನನ್ನ ಒಂದು ಕ್ಯಾಮೆರಾ

ಕ್ಯಾಮೆರಾದಿಂದ ಹಣ್ಣಿನ ಗಾತ್ರ ಅಳೆದು, ಮೇಲಿನ ಕಲೆ, ಡಾಗು ಎಣಿಸಿ, ದರ್ಜೆಯ ಪ್ರಕಾರ ಬೇರೆ ಬೇರೆ ಬುಟ್ಟಿಗೆ ತಳ್ಳುವ ಯಂತ್ರವನ್ನು ದಾವಣಗೆರೆಯ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಮಾಡಿದವನು ನಾನು. ಪೇರಲ ಹಣ್ಣು ದೊಡ್ಡದೋ ಚಿಕ್ಕದೋ ಎಂದು ಹೇಳಲು ಬೇರೆಯವರಿಗೆ ಎರಡು ಕಣ್ಣು ಸಾಕು. ನನಗೆ ಒಂದು ಲ್ಯಾಪ್‌ಟಾಪು, ಎರಡು ಟ್ಯೂಬ್‌ಲೈಟು, ಕಪ್ಪು ರೆಕ್ಸಿನ್ ಮತ್ತು ಮೂರು ವರ್ಷ ಬೇಕಾದವು. ಒಂದು ದಿನ ನಮ್ಮ ವಿಭಾಗದ ಮುಖ್ಯಸ್ಥರು ಏನನ್ನೋ ತೋರಿಸಲು ಕ್ಯಾಮೆರಾದ ಕೆಳಗೆ ಕೈ ಚಾಚಿದರು. ಯಂತ್ರ ಆ ಕೈಯನ್ನೂ ಅಳೆದು ‘ಡಾಗು ಹಣ್ಣು, ಮಾರಾಟಕ್ಕಿಲ್ಲ’ ಎಂದು ಪರದೆಯ ಮೇಲೆ ಬರೆಯಿತು. ಅದನ್ನು ತಿದ್ದಲು ನಮ್ಮಲ್ಲಿ ಯಾರೂ ಅವಸರ ಮಾಡಲಿಲ್ಲ.

ಆದರೆ ಯಾವುದು ಒಳ್ಳೆಯ ಹಣ್ಣು ಎಂದು ಯಂತ್ರಕ್ಕೆ ಮೊದಲು ಯಾರಾದರೂ ಕಲಿಸಬೇಕಲ್ಲ? ರಾಶಿ ರಾಶಿ ಫೋಟೊ ತೋರಿಸಿ, ಇದು ಇಂಥದ್ದು ಎಂದು ಒಂದೊಂದಕ್ಕೂ ಬರೆದುಕೊಡಬೇಕು. ಪಿಎಚ್‌.ಡಿ. ಮಾಡಿಕೊಂಡ ನನಗೆ ಹಣ್ಣಿನ ವಿಷಯದಲ್ಲಿ ತಿನ್ನುವುದೊಂದು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಹಾಗಾಗಿ ಹರಿಹರದ ಹತ್ತಿರ, ಸಾರಥಿ ಎಂಬ ಹಳ್ಳಿಯಲ್ಲಿರುವ ಅಣ್ಣನ ತೋಟಕ್ಕೆ ಹೋದೆ. ಅಲ್ಲಿ ಪೇರಲ ಆರಿಸುವುದು ಅತ್ತಿಗೆಯ ಕೆಲಸ.

‘ಅತ್ತಿಗೆ, ಒಂದನೇ ದರ್ಜೆ, ಎರಡನೇ ದರ್ಜೆ ಅಂತ ಹೇಳ್ತಾ ಹೋಗ್ರಿ, ನಾನು ಬರ್ಕೊಂತೀನಿ’ ಎಂದೆ.

‘ದರ್ಜೆ ಗಿರ್ಜೆ ನಂಗೊತ್ತಿಲ್ಲಪ್ಪ. ಇದು ದೇವ್ರಿಗೆ, ಇದು ಬೀಗರಿಗೆ, ಇದು ಸಂತಿಗೆ, ಇದು ನಮಗೆ.’

ದೇವರಿಗೆ ಹೋಗುವುದಕ್ಕೆ ತೊಟ್ಟಿನಲ್ಲಿ ಹಸಿರೆಲೆ ಇರಬೇಕು. ಬೀಗರಿಗೆ ಕಳಿಸುವುದರ ಮೇಲೆ ಸೂಜಿಮೊನೆಯಷ್ಟೂ ಕಲೆ ಇರಬಾರದು. ಇದ್ದರೆ ದೇವರು ಸುಮ್ಮನಿರುತ್ತಾನೆ, ಬೀಗರು ಆರು ತಿಂಗಳು ಆಡಿಕೊಳ್ಳುತ್ತಾರೆ. ಒಡೆದದ್ದು, ಹಕ್ಕಿ ಕಚ್ಚಿದ್ದು, ಮೆತ್ತಗಾದದ್ದು ನಮಗೆ. ಎರಡು ದಿನ ಕೂತು ಎಲ್ಲವನ್ನೂ ಹಾಗೆಯೇ ಕಂಪ್ಯೂಟರಿಗೆ ತುಂಬಿದೆ. ವಿದೇಶಕ್ಕೆ ಹಣ್ಣು ಕಳಿಸುವವರ ನಿಯಮಗಳನ್ನೂ ಓದಿದ್ದೆ. ಬೀಗರ ಮುಂದೆ ಅವು ಏನೂ ಅಲ್ಲ.

ಇನ್ನು ಯಂತ್ರವನ್ನು ಮಾರಾಟಕ್ಕೆ ತಯಾರಿಸುವವರು ಬೇಕಿತ್ತು. ದಾವಣಗೆರೆಯದೇ ಕರೂರು ಕೈಗಾರಿಕಾ ಪ್ರದೇಶದಲ್ಲಿ ಮಂಡಕ್ಕಿ ಭಟ್ಟಿಗಳಿಗೆ ಜರಡಿ ಮಾಡಿಕೊಡುವ ಒಬ್ಬ ಮಾಲೀಕರು ಸಿಕ್ಕರು. ಅವರದು ಒಂದೇ ಷರತ್ತು: ‘ನಿಮ್ಮ ಅತ್ತಿಗಿ ಆರಿಸಿದಂಗೇ ಒಂದು ಬುಟ್ಟಿ ಆರಿಸಿ ತೋರಿಸ್ರಿ ಸರ್. ಒಂದೂ ತಪ್ಪಬಾರ್ದು. ಆಮ್ಯಾಲೆ ಮಾತಾಡಾಣ.’ ಅವರು ಒಪ್ಪಿದರೆ, ನನ್ನ ಇಷ್ಟು ವರ್ಷದ ಮೇಷ್ಟ್ರಗಿರಿಯಲ್ಲಿ ನಾನು ಮಾಡಿದ ಒಂದು ವಸ್ತುವಾದರೂ ಕಾಲೇಜಿನ ಬೀರುವಿನಿಂದ ಹೊರಗೆ ಬರುತ್ತಿತ್ತು. ಆ ಆಸೆಗೆ ನಾನು ಸರಿಯಾಗಿ ಊಟ ಕೂಡ ಮಾಡುತ್ತಿರಲಿಲ್ಲ.

ಯಂತ್ರವನ್ನು ಲಗೇಜ್ ಆಟೊದಲ್ಲಿ ಹಾಕಿಕೊಂಡು ಸಾರಥಿಗೆ ಒಯ್ದೆ. ಅಣ್ಣನ ಮನೆಯ ಅಂಗಳದಲ್ಲಿ ಪರೀಕ್ಷೆ ಶುರುವಾಯಿತು. ಒಂದೊಂದು ಹಣ್ಣು ಬಿದ್ದಾಗಲೂ ಅತ್ತಿಗೆ ‘ಹೂಂ’ ಅನ್ನುತ್ತಿದ್ದರು, ಮಾಲೀಕರು ತಲೆ ಆಡಿಸುತ್ತಿದ್ದರು, ನಾನು ಯಂತ್ರವನ್ನು ಹೆತ್ತವನಂತೆ ಬೀಗುತ್ತಿದ್ದೆ. ಬುಟ್ಟಿ ಖಾಲಿಯಾಗುತ್ತ ಬಂದಾಗ ಒಂದು ದೊಡ್ಡ ಹಣ್ಣು, ಒಂದು ಕಲೆಯೂ ಇಲ್ಲದ್ದು, ಉರುಳಿಕೊಂಡು ಬಂದು ‘ನಮಗೆ’ ಬುಟ್ಟಿಗೆ ಬಿತ್ತು. ಯಾವುದೋ ನೆರಳನ್ನು ಯಂತ್ರ ಡಾಗು ಎಂದುಕೊಂಡಿತ್ತು.

‘ಇದೇನ್ ಸರ್?’ ಎಂದರು ಮಾಲೀಕರು.

ಮಾತು ಮರೆಸಲು ನಾನು, ‘ತಿನ್ರಿ ಅತ್ತಿಗೆ. ಇದು ನಿಮಗೆ ಅಂತ ಮಿಷನ್ನೇ ಹೇಳೈತೆ’ ಎಂದೆ.

ಅತ್ತಿಗೆ ಹಣ್ಣನ್ನು ಎತ್ತಿ, ಸೆರಗಿನಿಂದ ಒರೆಸಿ, ಬೀಗರ ಬುಟ್ಟಿಯಲ್ಲಿಟ್ಟರು. ‘ಅದಕ್ಕೇನ್ ಗೊತ್ತು? ಅದೇನ್ ಈ ಮನಿಗೆ ಸೊಸಿಯಾಗಿ ಬಂದೈತಾ?’

ಮಾಲೀಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಆಮೇಲೆ ನಗು ಬರಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಅತ್ತಿಗೆ ಮದುವೆಯಾಗಿ ಬಂದವರು. ಓದುವ ಹುಡುಗ ಎಂದು ನನಗೆ ಯಾವಾಗಲೂ ಇಡೀ ಹಣ್ಣು ಕೊಡುತ್ತಿದ್ದರು. ಅವರು ಮಾತ್ರ ಚಾಕುವಿನಿಂದ ಕೊಳೆತ ಭಾಗ ಕೆತ್ತಿ ತೆಗೆದು, ಉಳಿದ ಚೂರನ್ನು ತಿನ್ನುತ್ತಿದ್ದರು. ಅವರು ಇಡೀ ಹಣ್ಣು ಕಚ್ಚಿ ತಿಂದದ್ದನ್ನು ನಾನು ನೋಡಿದ ನೆನಪೇ ಇಲ್ಲ. ಇದು ಹೊಳೆಯಲು ನನಗೆ ಒಂದು ಕ್ಯಾಮೆರಾ ಬೇಕಾಯಿತು.

‘ಇದೊಂದು ಸರಿ ಮಾಡ್ಕೊಂಡ್ ಬರ್ರಿ, ಮಾಡೇ ಬಿಡಾಣ’ ಎಂದರು ಮಾಲೀಕರು.

ಹೊಳೆದ ಮೇಲೆ ನಾನು ಮಾಡಿದ್ದೇನು? ಆ ಹಣ್ಣಿನ ಫೋಟೊ ಹುಡುಕಿ, ‘ತಪ್ಪು’ ಎಂದು ಗುರುತು ಹಾಕಿ, ಪಕ್ಕದಲ್ಲಿ ‘ಬೀಗರಿಗೆ’ ಎಂದು ಬರೆದು, ಯಂತ್ರಕ್ಕೆ ಮತ್ತೆ ಪಾಠ ಮಾಡಿದೆ. ಮುಂದಿನ ವಾರ ಪಾಸಾದೆವು. ಕರೂರಿನಲ್ಲಿ ಯಂತ್ರ ತಯಾರಾಯಿತು, ಕಾಲೇಜಿನಲ್ಲಿ ನನಗೆ ಶಾಲು ಹೊದಿಸಿದರು.

ಮೊದಲನೇ ಯಂತ್ರ ಈಗ ಅಣ್ಣನ ತೋಟದಲ್ಲೇ ಇದೆ. ಹೋದಾಗಲೆಲ್ಲ ಅದರ ಮುಂದೆ ನಿಲ್ಲಲು ನನಗೆ ನಾಚಿಕೆಯಾಗುತ್ತದೆ. ಅದು ಒಳ್ಳೆಯ ಹಣ್ಣನ್ನು ಅತ್ತಿಗೆಯ ಕಡೆಗೆ ಮತ್ತೆ ಒಮ್ಮೆಯೂ ಕಳಿಸಿಲ್ಲ.