ಅಕ್ಕ ಮೇರಿಯಾದ ಸಂಜೆ

ಹೈದರಾಬಾದಿನ ಮಾದಾಪುರದಲ್ಲಿ ಇನ್ನೂ ಬಂಡೆ ಒಡೆಯುತ್ತಿದ್ದ ಕಾಲವದು. ಬೆಳಿಗ್ಗೆ ಮದ್ದು ಸಿಡಿದರೆ ನಮ್ಮ ತಗಡಿನ ಶೆಡ್ಡುಗಳೆಲ್ಲ ಗಡಗಡ ನಡುಗುತ್ತಿದ್ದವು. ಕಂಪ್ಯೂಟರಿನವರಿಗಾಗಿ ಗಾಜಿನ ಕಟ್ಟಡವೊಂದು ಏಳುತ್ತಿತ್ತು. ಅದಕ್ಕೆ ಮಣ್ಣು, ಸಿಮೆಂಟು ಹೊರಲು ಯಾದಗಿರಿ ಕಡೆಯ ನಾವೂ ಪಾಲಮೂರಿನ ತೆಲುಗಿನವರೂ ಬಂದಿದ್ದೆವು. ಆ ವರ್ಷಗಳನ್ನು ಈಗ ಎಲ್ಲರೂ ಹೈದರಾಬಾದಿನ ಸುವರ್ಣಕಾಲ ಎನ್ನುತ್ತಾರೆ. ಇರಬಹುದು. ನನಗೆ ನೆನಪಿರುವುದು ಹಸಿ ಸಿಮೆಂಟಿನ ವಾಸನೆ, ಸಂಜೆ ಮೂರು ಕಲ್ಲಿನ ಒಲೆಯ ಮೇಲೆ ಸುಡುತ್ತಿದ್ದ ರೊಟ್ಟಿಯ ವಾಸನೆ, ಮತ್ತು ನನ್ನ ಅಕ್ಕ ಮಲ್ಲಮ್ಮ.

ಅಕ್ಕನಿಗೆ ಹದಿಮೂರು, ತಂಗಿಯಾದ ನನಗೆ ಒಂಬತ್ತು. ಜಲ್ಲಿಯ ರಾಶಿಯಲ್ಲಿ ದುಂಡನೆಯ ಕಲ್ಲು ಆರಿಸಿ ಕಲ್ಲಾಟ ಆಡುತ್ತಿದ್ದೆವು. ಅವಳನ್ನು ಸೋಲಿಸಿದ್ದು ನನಗೆ ನೆನಪಿಲ್ಲ. ಓದಿನಲ್ಲೂ ಹಾಗೇ. ಕೂಲಿಯವರ ಮಕ್ಕಳಿಗೆ ಅಕ್ಷರ ಕಲಿಸಲೆಂದು ಪರದೇಶದಿಂದ ಒಬ್ಬಳು ಹುಡುಗಿ ಬಂದಿದ್ದಳು, ಮಾರ್ತಾ ಅಂತ. ಸಂಬಳವಿಲ್ಲದೆ ಒಂದು ವರ್ಷ ಸೇವೆ ಮಾಡಲು ಬಂದವಳು. ದಿನಾ ಮೆಹದಿಪಟ್ಟಣಂನಿಂದ ಬಸ್ಸು ಹಿಡಿದು, ಬಿಸಿಲಿಗೆ ಟೊಮೆಟೊ ಹಣ್ಣಾದ ಮುಖ ಹೊತ್ತು ಇಳಿಯುತ್ತಿದ್ದಳು. ಅವಳ ಹಿಂದಿಗಿಂತ ನಮ್ಮ ಹಿಂದಿಯೇ ಎಷ್ಟೋ ವಾಸಿ. ಆ ಮಾರ್ತಕ್ಕನೇ ಊರಾಚೆಯ ಹಾಸ್ಟೆಲ್ ಶಾಲೆಯೊಂದರಲ್ಲಿ ಅಕ್ಕನಿಗೆ ಸೀಟು ಹಿಡಿದಳು. ಸಂಕ್ರಾಂತಿ ಮುಗಿದ ಮೇಲೆ ಸೇರಬೇಕು. ಅಪ್ಪ ಎರಡು ದಿನ ತಲೆ ಕೆರೆದುಕೊಂಡು ಕೊನೆಗೆ "ಹೂಂ" ಅಂದಿದ್ದ. ಅವತ್ತಿನಿಂದ ಅಕ್ಕ ಮಣ್ಣಿನ ಪುಟ್ಟಿ ಹೊರುವಾಗಲೂ ಮಗ್ಗಿ ಹೇಳಿಕೊಳ್ಳುತ್ತಿದ್ದಳು.

ಆ ವರ್ಷ ಎಳ್ಳು ಅಮಾವಾಸ್ಯೆಯೂ ಕ್ರಿಸ್ಮಸ್ಸೂ ಒಂದೇ ದಿನ ಬಂದವು. ಎಳ್ಳಮಾಸಿಗೆ ನಮ್ಮ ಮಂದಿ ಎಲ್ಲಿದ್ದರೂ ಊರು ಸೇರಬೇಕು, ಹೊಲಕ್ಕೆ ಬುತ್ತಿ ಒಯ್ದು ಪೈರು ಹೊತ್ತ ಬಸುರಿ ಭೂಮಿತಾಯಿಗೆ ಆ ಬುತ್ತಿಯದೇ ಚರಗ ಚೆಲ್ಲಬೇಕು. ಸ್ಲ್ಯಾಬಿನ ಕೆಲಸವಿದೆಯೆಂದು ಕಂಟ್ರಾಕ್ಟರ್ ರಜೆ ಕೊಡಲಿಲ್ಲ. ಹೆಂಗಸರು ಮುಖ ಸಣ್ಣದು ಮಾಡಿಕೊಂಡು ಶೆಡ್ಡಿನಲ್ಲೇ ಕಾಳು-ಸೊಪ್ಪಿನ ಭಜ್ಜಿ ಕುದಿಸಿದರು, ಸಜ್ಜೆ ಕಡುಬು ಮಾಡಿದರು. ಮಾರ್ತಕ್ಕನದೂ ಅದೇ ಪಾಡು. ಮನೆ ಬಿಟ್ಟ ಮೇಲೆ ಅವಳಿಗೆ ಅದು ಮೊದಲ ಕ್ರಿಸ್ಮಸ್. ಎಸ್‌ಟಿಡಿ ಬೂತಿನಲ್ಲಿ ತಾಯಿಯ ಜೊತೆ ಮಾತಾಡಿ ಬಂದಾಗ ಕಣ್ಣು ಕೆಂಪಗಿತ್ತು. ಅವ್ವ ಎರಡು ಕಡುಬು ಬಡಿಸಿ, "ತಿನ್ನವ್ವಾ, ನಮ್ಮ ಹಬ್ಬಾನೂ ಇಲ್ಲೇ ಆತು, ನಿಂದೂ ಇಲ್ಲೇ ಆತು" ಅಂದಳು. ಮಾರ್ತಕ್ಕನಿಗೆ ಮಾತು ತಿಳಿಯಲಿಲ್ಲ, ಆದರೂ ಕಣ್ಣೊರೆಸಿಕೊಂಡು ತಿಂದಳು.

ಸಂಜೆ ಮಾರ್ತಕ್ಕ ಮಕ್ಕಳಿಂದ ಆಡಿಸಿದ ನಾಟಕವಿತ್ತು, ಯೇಸು ಹುಟ್ಟಿದ ಕಥೆ. ಸುಲ್ತಾನ್ ಬಜಾರಿನಿಂದ ತಂದ ನೀಲಿ ಬಟ್ಟೆ ಹೊದ್ದು ಅಕ್ಕ ಮೇರಿಯಾದಳು. ಪಾಲಮೂರಿನ ಅಂಜಯ್ಯನೆಂಬ ಹುಡುಗ ಜೋಸೆಫ್. ಪಕ್ಕದ ಶೆಡ್ಡಿನವರ ಎರಡು ತಿಂಗಳ ಕೂಸೇ ಯೇಸು. ನಾನು ಕುರಿ. ಸಿಮೆಂಟ್ ಚೀಲ ಹೊದ್ದು "ಬ್ಯಾ" ಅಂದದ್ದಕ್ಕೆ ನನಗೂ ಒಂದು ತುಂಡು ಕೇಕು ಸಿಕ್ಕಿತು. ಅಕ್ಕ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ಗದ್ದಲವೆಲ್ಲ ನಿಂತಿತು. ಅಷ್ಟು ಚಂದ ಕಾಣುತ್ತಿದ್ದಳು.

ಮೇಸ್ತ್ರಿಯ ಹೆಂಡತಿ ಶರಣಮ್ಮನಿಗೆ ಸುಮ್ಮನೆ ಕೂರಲಾಗಲಿಲ್ಲ. ಹಬ್ಬದ ದಿನ, ಎದುರಿಗೆ ಮಡಿಲಲ್ಲಿ ಕೂಸು. ಎದ್ದು ಹೋಗಿ ಅಕ್ಕಿ, ತೆಂಗಿನಕಾಯಿ, ಒಂದು ಕುಪ್ಪಸದ ಕಣ ತಂದಳು.

"ಬಾಳಂತಿ ಮುಂದ ಬರಿಗೈಲೆ ಹೆಂಗ ಕುಂಡ್ರಲಿ? ಉಡಿ ಹಿಡಿ ನನ್ನವ್ವಾ."

ಹೆಂಗಸರು ಗೊಳ್ಳೆಂದು ನಕ್ಕರು. ಅಕ್ಕ ನಾಚುತ್ತ ನೀಲಿ ಸೆರಗು ಹಿಡಿದಳು. ಶರಣಮ್ಮ ಹಣೆಗೆ ಕುಂಕುಮವಿಟ್ಟು ಉಡಿ ತುಂಬಿದಳು. ಉಡಿ ತುಂಬಿದ ಮೇಲೆ ಬಿಡುತ್ತಾರೆಯೇ?

"ಗಂಡನ ಹೆಸರು ಹೇಳು ಮತ್ತ! ಹೇಳದಽ ಬಿಡಂಗಿಲ್ಲ."

ಅಕ್ಕ ಮದುವೆ ಮನೆಗಳಲ್ಲಿ ಹೆಂಗಸರು ಹೇಳುವುದನ್ನು ಕೇಳಿದ್ದವಳು. ಒಂದು ಕ್ಷಣ ಯೋಚಿಸಿ, ಗಟ್ಟಿಯಾಗಿಯೇ ಹೇಳಿದಳು: "ಹಾಲಿನ ಬಟ್ಟಲದಾಗ ಹಾಕೀನಿ ಬೆಲ್ಲ, ಅಂಜಯ್ಯನಂಥ ಗಂಡ ಯಾರಿಗೂ ಇಲ್ಲ!"

ಚಪ್ಪಾಳೆಯೋ ಚಪ್ಪಾಳೆ. ಏನೆಂದು ತಿಳಿಯದಿದ್ದರೂ ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಮಾರ್ತಕ್ಕ. ಆಗಲೇ ಅಪ್ಪ ಮತ್ತು ಗಂಡಾಳುಗಳು ಸ್ಲ್ಯಾಬಿನಿಂದ ಇಳಿದು ಬಂದು ಹಿಂದೆ ನಿಂತಿದ್ದರು. ಅವರಲ್ಲೊಬ್ಬ ಅಪ್ಪನ ಭುಜ ತಟ್ಟಿ, "ಖರ್ಚಿಲ್ಲದಽ ಮದುವಿ ಮುಗೀತಲ್ಲೋ, ತೆಲುಗು ಅಳಿಯ ಸಿಕ್ಕ" ಅಂದ. ಅಪ್ಪ ನಗಲಿಲ್ಲ.

ಅಪ್ಪ ಕೆಟ್ಟವನಲ್ಲ. ಹೆದರಿದವನು. ಅಕ್ಕ ಮೈನೆರೆದು ಆರು ತಿಂಗಳಾಗಿತ್ತು. ಶೆಡ್ಡಿನೊಳಗೆ ಬಂದು ತಲೆ ಮೇಲೆ ಕೈ ಹೊತ್ತು ಕೂತ. "ಕೂಸು ಎತ್ತಿಕೊಂಡು, ಉಡಿ ತುಂಬಿಸಿಕೊಂಡು, ಗಂಡಸಿನ ಹೆಸರು ಹೇಳ್ಯಾಳ. ಇಷ್ಟು ಮಂದಿ ಕೇಳ್ಯಾರ. ನಾಳೆ ಊರಾಗ ಹಾಡ್ತಾರ. ಇಕಿನ್ನ ಯಾರು ತಗೋತಾರ?"

"ನಾಟಕ ಐತಿ ಅದು" ಅಂದಳು ಅವ್ವ.

"ಉಡಿ ತುಂಬಿದ್ದು ನಾಟಕ ಅಲ್ಲ."

ಮರುದಿನವೇ ಅಕ್ಕನನ್ನು ಊರಿಗೆ ಕರೆದೊಯ್ಯುವುದೆಂದು ನಿಶ್ಚಯವಾಯಿತು. ಅವ್ವನ ತಮ್ಮನಿಗೇ ಕೊಡುವುದು. ಅವನಾದರೆ ಏನೂ ಕೇಳುವುದಿಲ್ಲ. ಸುದ್ದಿ ಕೇಳಿ ಮಾರ್ತಕ್ಕ ಓಡಿಬಂದಳು. ನಾನೇ ನಡುವೆ ನಿಂತು ಅವಳ ಹಿಂದಿಯನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಅವಳು ಅತ್ತಳು, ತಪ್ಪು ತನ್ನದೇ ಅಂದಳು. ಅಪ್ಪ ಕೈಮುಗಿದ. "ನಿಮ್ಮ ಮುಲ್ಕಿನಾಗ ಅದು ಆಟ ಇರಬೇಕ್ರಿ ಮೇಡಂ. ನನಗ ಆಟ ಆಡಾಕ ಆಗಂಗಿಲ್ಲ." ಅಕ್ಕ ಮೂಲೆಯಲ್ಲಿ ತನ್ನ ಎರಡು ಲಂಗ ಮಡಚುತ್ತಿದ್ದಳು.

ಪುಷ್ಯ ಮಾಸವೆಂದು ತಾಳಿ ಕಟ್ಟುವುದು ಒಂದು ತಿಂಗಳು ಮುಂದೆ ಹೋಯಿತು. ಅಷ್ಟರಲ್ಲಿ ಅಪ್ಪನ ಮನಸ್ಸು ಕರಗೀತೆಂದು ಮಾರ್ತಕ್ಕ ಹಾಸ್ಟೆಲಿನವರನ್ನು ಕಾಡಿ ಬೇಡಿ ಸೀಟು ಉಳಿಸಿಕೊಂಡಿದ್ದಳು. ಕರಗಲಿಲ್ಲ. ಮದುವೆ ಮುಗಿಸಿ ಬಂದ ಅಪ್ಪ ನನ್ನ ಕೈ ಹಿಡಿದು ಅವಳ ಮುಂದೆ ನಿಲ್ಲಿಸಿ, "ಇಕಿನ್ನ ಒಯ್ರಿ" ಅಂದ. ಅಕ್ಕನ ಸೀಟಿನಲ್ಲಿ ನಾನು ಓದಿದೆ. ಮಾರ್ತಕ್ಕ ವರ್ಷ ಮುಗಿದು ತನ್ನ ದೇಶಕ್ಕೆ ಹೋದಳು.

ನಾನೀಗ ಶಾಲೆಯೊಂದರಲ್ಲಿ ಟೀಚರು. ಮೂವತ್ತೈದು ತುಂಬುವ ಮೊದಲೇ ಅಕ್ಕ ಅಜ್ಜಿಯಾದಳು. ಮಗಳನ್ನೂ ಬೇಗನೆ ಕೊಟ್ಟಳು, ನಾನು ಬೇಡವೆಂದರೂ. ಅಕ್ಷರ ಹೆಚ್ಚುಕಡಿಮೆ ಮರೆತಿದ್ದಾಳೆ. ಬಸ್ಸಿನ ಬೋರ್ಡು ಓದಲು ಪಕ್ಕದವರನ್ನು ಕೇಳುತ್ತಾಳೆ. ನನಗಿಂತ ಚುರುಕಾಗಿದ್ದವಳು. ಅದನ್ನು ನೆನೆದರೆ ನನ್ನ ಸಂಬಳ, ನನ್ನ ಮನೆ ಯಾವುದೂ ನನ್ನದು ಅನ್ನಿಸುವುದಿಲ್ಲ.

ಇಷ್ಟು ವರ್ಷಗಳಲ್ಲಿ ಆ ಶಾಲೆಯ ಬಗ್ಗೆ ಅವಳು ಒಮ್ಮೆಯೂ ಕೇಳಿರಲಿಲ್ಲ. ಹೋದ ವರ್ಷ ಊರಿಗೆ ಹೋದಾಗ, ಹುಣಸೆಹಣ್ಣು ಬಿಡಿಸುತ್ತ ಕೂತವಳು ತಲೆಯೆತ್ತದೆ ಕೇಳಿದಳು: "ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮಂಚ ಇರ್ತಾವಂತ ಮಾರ್ತಕ್ಕ ಹೇಳಿದ್ಲು. ಖರೇನಽ ಇದ್ದವೇನು?"

"ಇಲ್ಲಕ್ಕಾ" ಅಂದೆ. "ಎಲ್ಲಾರೂ ನೆಲದ ಮ್ಯಾಲೇ ಮಲಗ್ತಿದ್ವಿ."

"ಹಂಗಾರ ಆತು ಬಿಡು" ಅಂದಳು, ಭಾರ ಇಳಿದವಳ ಹಾಗೆ.

ಇದ್ದವು. ನನ್ನದು ಕಿಟಕಿಯ ಪಕ್ಕದ್ದು.